ಮಲ್ಲಿಗೆಯ ದಂಡೆ

ಒಲಿದವನ ಹೆಜ್ಜೆಯ ಸಪ್ಪಳಕ್ಕೆ ಬೆಚ್ಚಿ ಬದುಕುವ ಹೆಣ್ಣಿಗೆ ಬಂಧುಬಳಗವು ಮೊದಲು ಹೇಳುವ ಬುದ್ಧಿವಾದವೆಂದರೆ 'ಇನ್ನಷ್ಟು ತಾಳಿಕೊ' ಎಂಬುದು. ತಾಳ್ಮೆಯು ಸದ್ಗುಣವೇ ಸರಿ. ಆದರೆ ಅದನ್ನು ಒಬ್ಬಳಿಂದಲೇ ಬೇಡುವುದು ಯಾವ ನ್ಯಾಯವೋ! ಕೈಯೆತ್ತಿದವನಿಗೆ 'ಕೈ ತಡೆದುಕೊ' ಎನ್ನುವವರು ವಿರಳ.

ಅಷ್ಟು ಕಷ್ಟವಿದ್ದರೆ ಅವಳು ಬಿಟ್ಟು ಬರಬಾರದೆ ಎಂದು ಕೇಳುವವರೂ ಉಂಟು. ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಎಂಬಾಕೆ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪೆಟ್ಟುಂಡ ಸ್ತ್ರೀಯರ ಅನುಭವಗಳಿಂದ ಒಂದು ಚಕ್ರವನ್ನು ಗುರುತಿಸಿದಳು. ಮೊದಲು ಬಿಗುವು: ಸಾರಿನ ಉಪ್ಪಿನಲ್ಲಿ, ಉಟ್ಟ ಸೀರೆಯಲ್ಲಿ, ಗೆಳತಿಯೊಡನೆ ಆಡಿದ ಮಾತಿನಲ್ಲಿ ತಪ್ಪು ಕಾಣುವ ದಿನಗಳು. ಬಳಿಕ ಪೆಟ್ಟು. ಆಮೇಲೆ ಕಣ್ಣೀರು, ಮಲ್ಲಿಗೆಯ ದಂಡೆ, ಇನ್ನೆಂದಿಗೂ ಹೀಗಾಗದೆಂಬ ಆಣೆ. ಪೆಟ್ಟಿಗಿಂತಲೂ ಬಿಗಿಯಾಗಿ ಅವಳನ್ನು ಕಟ್ಟುವುದು ಈ ಮಲ್ಲಿಗೆಯೇ. ಹೂ ತಂದವನೇ ನಿಜವಾದವನೆಂದು ನಂಬಿ, ಅವನು ಮರಳಿ ಬರಲೆಂದು ಉಳಿದುದೆಲ್ಲವನ್ನೂ ಸಹಿಸುತ್ತಾಳೆ. ಎಲ್ಲ ಮನೆಗಳಲ್ಲಿಯೂ ಚಕ್ರವು ಹೀಗೆಯೇ ಉರುಳದೆಂದು ಅನಂತರದ ವಿದ್ವಾಂಸರು ಆಕ್ಷೇಪಿಸಿರುವುದುಂಟು. ಕೆಲವೆಡೆ ಹೂವೂ ಇಲ್ಲ, ಆಣೆಯೂ ಇಲ್ಲ.

ಅಂಥವಳು ಅವನ ಮಾತುಗಳನ್ನು ತೂಗುವ ಬದಲು ತಿಂಗಳುಗಳನ್ನು ಎಣಿಸುವುದು ಲೇಸು. ಕಳೆದ ಆಣೆಯ ನಂತರ ಎಷ್ಟು ದಿನ ನೆಮ್ಮದಿಯಿತ್ತು? ಬಂದು ಹೋಗುತ್ತಿದ್ದ ಗೆಳತಿಯರು ಎಲ್ಲಿ? ಅವಳ ಸಂಬಳ ಯಾರ ಕೈಯಲ್ಲಿದೆ? ಉತ್ತರಗಳನ್ನು ತಾಯಿಗೋ ಅಕ್ಕನಿಗೋ ನೆರೆಯಾಕೆಗೋ, ಒಬ್ಬರಿಗಾದರೂ ಹೇಳಬೇಕು. ಮುಚ್ಚಿಟ್ಟ ನೋವಿಗೆ ಸಾಕ್ಷಿಯಿಲ್ಲ. ಬಿಟ್ಟು ಹೊರಡುವ ಗಳಿಗೆಯಲ್ಲಿ ಅಪಾಯವು ಹೆಚ್ಚುವುದುಂಟು. ಆದಕಾರಣ ಜಗಳದ ನಡುವೆ ಅದನ್ನು ಸಾರಿ ಹೇಳದೆ, ಕಾಗದಪತ್ರಗಳನ್ನೂ ಕೊಂಚ ಹಣವನ್ನೂ ನಂಬಿಕೆಯವರಲ್ಲಿ ಇರಿಸಿ, ಹೋಗಿ ಸೇರುವ ಮನೆಯನ್ನು ಗೊತ್ತುಮಾಡಿಕೊಂಡೇ ಹೊರಡಬೇಕು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಹೊಡೆತವನ್ನಷ್ಟೇ ಅಲ್ಲದೆ, ಬೈಗುಳ, ಅವಮಾನ, ಹಣ ತಡೆಹಿಡಿಯುವಿಕೆಗಳನ್ನೂ ಅದು ಹಿಂಸೆಯೆಂದೇ ಎಣಿಸುತ್ತದೆ. ತಾಳಿ ಕಟ್ಟದೆ ವಿವಾಹದಂತೆಯೇ ಒಂದೇ ಮನೆಯಲ್ಲಿ ಬಾಳಿದವಳಿಗೂ ಅದರ ಆಸರೆಯುಂಟು. ಬೇರೆ ಬೇರೆ ಮನೆಗಳಲ್ಲಿದ್ದು ಪ್ರೀತಿಸಿದವರಿಗೆ ಮಾತ್ರ ಅದು ಒದಗದು, ಅವರು ಪೊಲೀಸರನ್ನೇ ಆಶ್ರಯಿಸಬೇಕು. ಅವಳ ಪರವಾಗಿ ಇತರರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ದಾರಿ ಕೇಳಲು 181 ಎಂಬ ದೂರವಾಣಿಯಿದೆ. 'ನನ್ನ ಮನೆಯಿಂದ ನಡೆ' ಎಂದು ಗದರುವವನಿಗೆ, ಮನೆ ಅವನ ಹೆಸರಿನಲ್ಲಿದ್ದರೂ, ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರದೂಡುವ ಅಧಿಕಾರವಿಲ್ಲ.