ಕಾಶಿಯಲ್ಲಿ ಬಿಟ್ಟುಬಂದದ್ದು

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟುಬರಬೇಕೆಂಬುದು ನಮ್ಮ ಕಡೆಯ ರೂಢಿ. ಹಿರಿಯರು ಹೆಚ್ಚಾಗಿ ಹಾಗಲಕಾಯಿಯನ್ನು ಬಿಟ್ಟು ಪುಣ್ಯವನ್ನು ಸುಲಭ ದರದಲ್ಲಿ ಸಂಪಾದಿಸುತ್ತಾರೆ. ಪುಣೆಯಿಂದ ಹೊರಡುವಾಗಲೇ ನಮ್ಮ ವೈನಿಯವರು ಅದನ್ನು ನಿಶ್ಚಯಿಸಿಕೊಂಡಿದ್ದರು. ಕಾಲೇಜಿನಲ್ಲಿ ಓದುವ ಅವರ ಮಗ ಏನು ಬಿಟ್ಟಾನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ನಾವು ಜಂಗಮವಾಡಿ ಮಠದಲ್ಲಿ ಇಳಿದುಕೊಂಡೆವು. ಶಿವರಾತ್ರಿಯ ಮುನ್ನಾದಿನ. ಅಲ್ಲಿಂದ ಗೋದೌಲಿಯಾ ಚೌಕ, ಚೌಕದಿಂದ ದಶಾಶ್ವಮೇಧ ಘಾಟು, ಎಲ್ಲವೂ ಕಾಲ್ನಡಿಗೆಯ ದಾರಿ. ಸಂಜೆ ತಿರುಗಾಡಲು ಹೊರಟಾಗ ಗೋಡೆಯೊಂದರ ಮೇಲೆ ‘ಸರಕಾರಿ ಭಂಗಿಯ ಅಂಗಡಿ’ ಎಂದು ಹಿಂದಿಯಲ್ಲಿ ದೊಡ್ಡಕ್ಷರಗಳಲ್ಲಿ ಬರೆದದ್ದು ಕಂಡಿತು. ರೇಷನ್ ಅಂಗಡಿಯ ಹಾಗೆ ರಾಜಾರೋಷವಾಗಿ! ಕಿಟಕಿಯ ಹಿಂದೆ ಕುಳಿತವನು ಹಸಿರು ಉಂಡೆಗಳನ್ನು ಹುಣಸೆಯುಂಡೆ ಮಾರಿದಷ್ಟೇ ಸಹಜವಾಗಿ ಮಾರುತ್ತಿದ್ದ.

ಪಕ್ಕದ ಅಂಗಡಿಯಲ್ಲಿ ಠಂಡಾಯಿ. ಬಾದಾಮಿ, ಬಡೇಸೋಪು, ಮೆಣಸು, ಏಲಕ್ಕಿ, ಗುಲಾಬಿ ಎಸಳು, ಕರಬೂಜದ ಬೀಜ ಇಷ್ಟನ್ನೂ ನುಣ್ಣಗೆ ಅರೆದು ತಣ್ಣನೆಯ ಹಾಲಿಗೆ ಕಲಸುತ್ತಾರೆ. ಬೇಕೆಂದವರಿಗೆ ಭಂಗಿಯ ಉಂಡೆಯನ್ನೂ ಕದಡಿ ಕೊಡುತ್ತಾರೆ. ಭಂಗಿಯ ಸತ್ವ ನೀರಿಗಿಂತ ಹಾಲಿನ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಹೊಟ್ಟೆಗೆ ಹೋದದ್ದು ತಲೆಗೇರಲು ಒಂದೆರಡು ಗಂಟೆಯೇ ಬೇಕಾಗಬಹುದು. ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿದವರೇ ಪೇಚಿಗೆ ಸಿಲುಕುವುದು. ನಾವು ಸಾದಾ ಠಂಡಾಯಿಯನ್ನೇ ಕೇಳಿದೆವು.

ಘಾಟಿನ ಮೆಟ್ಟಿಲ ಮೇಲೆ ಬೂದಿ ಬಳಿದ ಸಾಧುವೊಬ್ಬನು ಚಿಲುಮೆ ಸೇದುತ್ತ ಕುಳಿತಿದ್ದ. ನಮ್ಮ ಹುಡುಗ ಅವನ ಪಕ್ಕದಲ್ಲಿ ಬಹಳ ಹೊತ್ತು ಮಾತಾಡುತ್ತ ಕುಳಿತ. ರಾತ್ರಿ ಮಠಕ್ಕೆ ಮರಳಿದ ಮೇಲೆ ಅವನ ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣವೊಂದು ಕೆಳಗೆ ಬಿತ್ತು. ಒಳಗೆ ಗಾಂಜಾ.

“ಬಾಬಾ ಕೊಟ್ಟ ಪ್ರಸಾದ ಅವ್ವಾ. ಅಂಗಡ್ಯಾಗ ಸರಕಾರನ ಮಾರ್ತದಲ್ಲ!” ಎಂದ ಹುಡುಗ. ವೈನಿಯವರ ಮುಖ ಬಿಳಚಿಕೊಂಡಿತು. ಮರುದಿನವೇ ನಮ್ಮ ರೈಲು.

ಪಕ್ಕದ ಕೋಣೆಯಲ್ಲಿ ಧಾರವಾಡದ ಕಡೆಯ ವೃದ್ಧ ವಕೀಲರೊಬ್ಬರು ಇಳಿದುಕೊಂಡಿದ್ದರು. ಅವರನ್ನು ಕರೆತಂದೆವು. ಅವರು ಪೊಟ್ಟಣ ನೋಡಿ, “ತಮ್ಮಾ, ಗಿಡ ಒಂದ, ಆದರ ಕಾಯಿದೆ ಎರಡು” ಎಂದು ನಕ್ಕರು.

ಅವರು ತಿಳಿಸಿದ್ದರ ಸಾರಾಂಶವಿಷ್ಟು. 1985ರ ಮಾದಕ ದ್ರವ್ಯಗಳ ಕಾಯಿದೆ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ ಎನ್ನುತ್ತದೆ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದಕ್ಕೆ ಸೇರವು. 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ ಇದೇ ವಿಂಗಡಣೆಯಿದೆ. ಎಲೆಯಿಂದಾದ ಭಂಗಿ ಹೀಗೆ ಪಾರಾಯಿತು. ಅದರ ಹತೋಟಿ ರಾಜ್ಯಗಳ ಅಬಕಾರಿಗೆ ಉಳಿಯಿತು. ಕರ್ನಾಟಕದ ಉಚ್ಚ ನ್ಯಾಯಾಲಯವೂ 2022ರಲ್ಲಿ ಒಂದು ಜಾಮೀನಿನ ಆದೇಶದಲ್ಲಿ ಭಂಗಿ ಈ ಕಾಯಿದೆಯ ನಿಷೇಧಕ್ಕೆ ಒಳಪಡುವುದಿಲ್ಲವೆಂದು ಹೇಳಿತು.

ಇದರ ಹಿಂದೆ ಹಳೆಯ ಕಥೆಯೊಂದುಂಟು. ಬ್ರಿಟಿಷ್ ಸರಕಾರ 1893ರಲ್ಲಿ ಈ ಗಿಡದ ವಿಚಾರಣೆಗೆಂದೇ ಆಯೋಗವೊಂದನ್ನು ನೇಮಿಸಿತ್ತು. ಅದು 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಶಿವನ ಆರಾಧನೆಯೊಂದಿಗೆ ಭಂಗಿಗಿರುವ ನಂಟನ್ನು ಗುರುತಿಸಿ, ಪೂರ್ಣ ನಿಷೇಧ ಬೇಡವೆಂದು ವರದಿ ಮಾಡಿತು.

“ಹಂಗಾದರ ಬಾಬಾನ ಚಿಲುಮೆ? ಅದೂ ಶಿವನ ಹೆಸರಿಲೇ ಅಲ್ಲೇನ್ರಿ?” ಎಂದು ಹುಡುಗ ಪಟ್ಟುಹಿಡಿದ.

“ಕಾಯಿದೆಗೆ ಶಿವ ಕಾಣಂಗಿಲ್ಲೋ ತಮ್ಮಾ, ಗಿಡದ ತುದಿ ಕಾಣತದ” ಎಂದರು ವಕೀಲರು. ಅಮೇರಿಕೆಯಲ್ಲಿ ಮೂಲನಿವಾಸಿಗಳು ಪೂಜೆಯಲ್ಲಿ ಸೇವಿಸುವ ಪೆಯೋಟೆ ಎಂಬ ಕಳ್ಳಿಗೆ 1994ರಲ್ಲಿ ಧರ್ಮದ ಹೆಸರನ್ನೇ ಹೇಳಿ ವಿನಾಯಿತಿ ಕೊಟ್ಟರಂತೆ. ನಮ್ಮ ಕಾಯಿದೆ ಪೂಜೆಗೆಂದು ಅಂಥ ವಿನಾಯಿತಿ ಬರೆದಿಲ್ಲ. ಘಾಟಿನಲ್ಲಿ ಸಾಧುವಿನ ಚಿಲುಮೆ ಹೊಗೆಯಾಡುವುದು ಅಪ್ಪಣೆಯಿಂದಲ್ಲ, ನೋಡಿಯೂ ನೋಡದವರ ದಾಕ್ಷಿಣ್ಯದಿಂದ. ಆ ದಾಕ್ಷಿಣ್ಯ ಘಾಟಿನ ಮೆಟ್ಟಿಲು ದಾಟಿ ರೈಲ್ವೆ ಸ್ಟೇಶನ್ನಿನವರೆಗೆ ಬರುವುದಿಲ್ಲ. ಅಲ್ಲಿ ಸಿಕ್ಕಿಬೀಳುವವನು ಜಟಾಧಾರಿಯಲ್ಲ, ಬೆನ್ನಚೀಲ ಹೊತ್ತ ಹುಡುಗ.

“ಭಂಗಿಯ ಉಂಡಿಯಾದರೂ ಒಯ್ಯಬಹುದೇನ್ರಿ?” ಎಂದು ನಾವೇ ಕುತೂಹಲಕ್ಕೆ ಕೇಳಿದೆವು. ಅದೂ ಸಲ್ಲದಂತೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯಿದೆಯುಂಟು. ಪರವಾನಗಿಯಿಲ್ಲದೆ ಭಂಗಿ ಇಟ್ಟುಕೊಂಡರೂ ತಪ್ಪೇ. ಕಾಶಿಯಲ್ಲಿ ಸರಕಾರ ಪರವಾನಗಿ ಕೊಟ್ಟು ಮಾರಿಸುವ ವಸ್ತು ಪುಣೆಯ ನಮ್ಮ ಮನೆಯ ಹೊಸ್ತಿಲಲ್ಲಿ ಅಪರಾಧವಾಗುತ್ತದೆ!

ನಸುಕಿನಲ್ಲಿ ಸ್ನಾನಕ್ಕೆ ಹೋದಾಗ ಹುಡುಗ ಆ ಸಾಧುವನ್ನು ಹುಡುಕಿ ಪೊಟ್ಟಣವನ್ನು ಅವನ ಮುಂದಿಟ್ಟ. ಬಾಬಾ ಬೇಸರಿಸಲಿಲ್ಲ. ಒಂದು ಚಿಟಿಕೆ ಬೂದಿಯನ್ನು ಹುಡುಗನ ಹಣೆಗೆ ಹಚ್ಚಿ, “ಇದನ್ನು ಯಾವ ಪೊಲೀಸನೂ ಕೇಳುವುದಿಲ್ಲ” ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ಸ್ಟೇಶನ್ನಿನಲ್ಲಿ ಪೊಲೀಸರು ಕೆಲವರ ಚೀಲಗಳನ್ನು ಬಿಚ್ಚಿಸಿ ನೋಡುತ್ತಿದ್ದರು. ನಮ್ಮ ಚೀಲವನ್ನೂ ನೋಡಿದರು. ಗಂಗೆಯ ತಂಬಿಗೆ, ಕಾಶೀದಾರ, ಪೇಡೆಯ ಡಬ್ಬಿ. ವೈನಿಯವರು ನಮ್ಮ ಕೈಯನ್ನು ಹಿಡಿದೇ ನಿಂತಿದ್ದರು. ಗಾಡಿ ಹೊರಟ ಮೇಲೆ ದೊಡ್ಡ ಉಸಿರು ಬಿಟ್ಟು, “ಈ ಸಲ ನನ್ನ ಹಾಗಲಕಾಯಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಬಿಡಬೇಕಾದ್ದನ್ನ ನನ್ನ ಮಗ ಬಿಟ್ಟು ಬಂದಾನ” ಎಂದರು.