ಹಳೆಯ ಫಿಲ್ಮು ಎಸೆಯಬೇಡಿ

ಕಕ್ಕಡ ತಿಂಗಳು ಬಂತೆಂದರೆ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಕಕ್ಕಡದ ಹದಿನೆಂಟನೆಯ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. 2022ರ ಆಗಸ್ಟ್ 3ರಂದು ನಾನೂ ಮಾಡಿದ್ದೆ. ಮಾರನೆಯ ಬೆಳಗ್ಗೆ ಏಳು ವರ್ಷದ ಕಿರಿಮಗ ಹಾಸಿಗೆಯಿಂದ ಏಳುತ್ತಲೇ ವಾಂತಿ ಮಾಡಿಕೊಂಡ. “ಪಾಯಸ ಜಾಸ್ತಿಯಾಯಿತು” ಅಂದರು ಅತ್ತೆ. ನಾನೂ ಹೌದೆಂದುಕೊಂಡೆ.

ಆದರೆ ವಾರ ಕಳೆದರೂ ನಿಲ್ಲಲಿಲ್ಲ. ಬೆಳಗಾದರೆ ತಲೆನೋವು, ವಾಂತಿ. ಹತ್ತು ಗಂಟೆಯ ಹೊತ್ತಿಗೆ ಹುಡುಗ ಸರಿ. ಸ್ಕೂಲಿಗೆ ಹೋಗಲು ಕಳ್ಳಾಟ ಅಂತ ಬೈದೆ. ಒಂದು ದಿನ ಹೊಡೆದೂಬಿಟ್ಟೆ. ಆ ಕೈ ಇವತ್ತಿಗೂ ಉರಿಯುತ್ತದೆ. ಹುಳದ ಔಷಧಿ, ಪಿತ್ತದ ಕಷಾಯ ಎಲ್ಲ ಆಯಿತು. ಅವನು ಅಂಗಳದಲ್ಲಿ ವಾಲುತ್ತ ನಡೆಯುವುದನ್ನು ಕಂಡ ಮೇಲೆ ನಮ್ಮವರು ಬೇರೆ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, “ಹಿಂದಿನ ನರ ಊದಿದೆಯಮ್ಮ, ತಲೆಯ ಸ್ಕ್ಯಾನ್ ತಡಮಾಡಬೇಡಿ” ಅಂದರು.

ಕಿರುಮೆದುಳಿನಲ್ಲಿ ಗಡ್ಡೆ! ಗ್ಲಯೋಮಾ ಎಂದು ಅದರ ಹೆಸರು. ಮಡಿಕೇರಿಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಪರೇಷನ್ ಆಯಿತು. ನಿಧಾನವಾಗಿ ಬೆಳೆಯುವ ಜಾತಿಯದೆಂದು ಆಮೇಲೆ ತಿಳಿದು ಉಸಿರು ಬಂತು. ಆದರೆ ಮತ್ತೆ ಬೆಳೆದೀತೇ ಎಂದು ಆಗಾಗ ಎಂ.ಆರ್.ಐ. ತೆಗೆಸುತ್ತಲೇ ಇರಬೇಕು.

ಎಂ.ಆರ್.ಐ. ಎಂದರೆ ದೊಡ್ಡ ಅಯಸ್ಕಾಂತ. ಎಕ್ಸ್‌ರೇ ಕಿರಣ ಅದರಲ್ಲಿಲ್ಲ, ಶಬ್ದ ಮಾತ್ರ ಬಹಳ. ಜೊತೆಗೆ ಒಳಗೆ ಹೋಗುವವರ ಮೈಮೇಲೂ ಲೋಹ ಇರಕೂಡದು. ಮದುವೆಯಾದಂದಿನಿಂದ ತೆಗೆಯದ ಕರಿಮಣಿಯನ್ನು ಅಂದು ಬಿಚ್ಚಿ ನಮ್ಮವರ ಕೈಗಿಟ್ಟೆ.

ಫಿಲ್ಮುಗಳು ಒಂದೊಂದಾಗಿ ಮನೆ ಸೇರಿದವು. “ಆ ಪೀಡೆಯನ್ನು ಯಾಕೆ ಇಟ್ಟುಕೊಳ್ಳುತ್ತೀಯೆ, ಒಲೆಗೆ ಹಾಕು” ಎಂದರು ಅತ್ತೆ. ನಮ್ಮ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು. ಆದರೂ ಒಣಗಿದ ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟೆ. ಕಳೆದ ವರ್ಷ ಒಂದು ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆ ಕಂಡಿತು. ನನ್ನ ಕೈಕಾಲು ತಣ್ಣಗಾದವು. ಡಾಕ್ಟರು ಹಳೆಯದನ್ನು ಕೇಳಿದರು. ದೂರದ ಖರ್ಚೆಂದು ಮೈಸೂರಿನಲ್ಲಿ ತೆಗೆಸಿದ್ದ ಎರಡು ಫಿಲ್ಮು ನನ್ನ ಚೀಲದಲ್ಲೇ ಇದ್ದವು. ಎಲ್ಲವನ್ನೂ ದೀಪದ ಮುಂದೆ ಸಾಲಾಗಿ ಹಿಡಿದು, “ಇದು ಆಪರೇಷನ್ನಿನ ಕಲೆ, ಬೆಳೆದಿಲ್ಲ” ಅಂದರು. ಅಲ್ಲೇ ಅತ್ತುಬಿಟ್ಟೆ.

ಈಗ ಈ ಕೆಲಸವನ್ನು ಕಂಪ್ಯೂಟರಿಗೂ ಕಲಿಸುತ್ತಿದ್ದಾರೆ. ಅಮೆರಿಕದ ಬೋಸ್ಟನ್ನಿನ ತಜ್ಞರು 715 ಮಕ್ಕಳ ಸುಮಾರು 4000 ಎಂ.ಆರ್.ಐ. ಚಿತ್ರಗಳನ್ನು ಕೃತಕ ಬುದ್ಧಿಮತ್ತೆಗೆ ತೋರಿಸಿ, 2025ರಲ್ಲಿ ಫಲ ಪ್ರಕಟಿಸಿದರು. ಒಂದೇ ಚಿತ್ರ ನೋಡಿ, ವರ್ಷದೊಳಗೆ ಗ್ಲಯೋಮಾ ಮರುಕಳಿಸುತ್ತದೆಯೇ ಎಂದು ಹೇಳುವುದು ನೂರಕ್ಕೆ ಸುಮಾರು 50ರಷ್ಟೇ ಸರಿ, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಒಂದೇ ಮಗುವಿನ ಚಿತ್ರಗಳನ್ನು ತಾರೀಕಿನ ಸಾಲಿನಲ್ಲಿ ತೋರಿಸಿದಾಗ 75ರಿಂದ 89ರವರೆಗೆ ಸರಿಬಂತಂತೆ. ಬಾಗಿಲ ಪಟ್ಟಿಯ ಮೇಲೆ ಮಕ್ಕಳ ಎತ್ತರಕ್ಕೆ ಗೀಟು ಹಾಕುತ್ತೇವಲ್ಲ, ಹಾಗೆಯೇ. ಒಂದು ಗೀಟು ಏನು ಹೇಳೀತು? ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ. ಡಾಕ್ಟರ ಬದಲಿಗೆ ಬರುವಂಥದ್ದಲ್ಲ.

ಸೋದರಿಯರೇ, ಮಗುವಿಗೆ ಬೆಳಗಿನ ಹೊತ್ತು ಮೇಲಿಂದ ಮೇಲೆ ತಲೆನೋವು, ವಾಂತಿ ಬಂದರೆ, ನಡಿಗೆ ವಾಲಿದರೆ, ನನ್ನ ಹಾಗೆ ಬೈಯುತ್ತ ದಿನ ಕಳೆಯಬೇಡಿ. ಸ್ಕ್ಯಾನ್ ಆಗಿದ್ದರೆ ಫಿಲ್ಮು, ಸಿ.ಡಿ., ವರದಿ ಮೂರನ್ನೂ ಕೇಳಿ ಪಡೆಯಿರಿ. ತಾರೀಕು ಬರೆದು, ತೇವ ಬಿಸಿಲು ತಾಗದಂತೆ ಇಡಿ. ನನ್ನ ಟ್ರಂಕಿನಲ್ಲಿ ಮದುವೆಯ ಸೀರೆಯ ಮೇಲೆಯೇ ಅವುಗಳ ಜಾಗ. ಈಗ ಅತ್ತೆಯೇ ಮಳೆಗೆ ಮೊದಲು ತೆಗೆದು ಒರೆಸಿಡುತ್ತಾರೆ.