ಎರಡು ಗೊಲ್ಲರಹಟ್ಟಿ, ಒಂದು ಬಂಡಲ್

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನವಾಗಿತ್ತು. ಮೊನ್ನೆ ಭಾನುವಾರ ಪೇಚಿಗೆ ಸಿಕ್ಕ ಕಥೆ ಹೇಳೋಣ ಅಂತ ಕೂತಿದ್ದೇನೆ.

ನಮ್ಮದೊಂದು ಗೆಳೆಯರ ಗುಂಪಿದೆ. ವರ್ಷಕ್ಕೊಮ್ಮೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕೆಲವು ಶಾಲೆಗಳಿಗೆ ನೋಟ್‌ಬುಕ್ ಹಂಚುತ್ತೇವೆ. ತುಮಕೂರು ಜಿಲ್ಲೆಯ 10 ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಅದಕ್ಕೇ ಸೇರಿದವು. ಶಾಲೆಗಳಿಂದ ಬಂದ ಊರುಗಳ ಪಟ್ಟಿ ಒಂದು, ನಾವು ಕಟ್ಟಿಟ್ಟ ಬಂಡಲ್‌ಗಳ ಪಟ್ಟಿ ಇನ್ನೊಂದು. ಎರಡೂ ಒಂದೇನಾ ನೋಡಬೇಕು. "ನೀನು ಸಾಫ್ಟ್‌ವೇರ್ ಅಲ್ವಾ, ಎರಡು ನಿಮಿಷದ ಕೆಲಸ" ಅಂದರು. ನಾನೂ ಹಾಗೇ ಅಂದುಕೊಂಡೆ :)

ಪೈಥಾನ್‌ನಲ್ಲಿ ಎರಡು ಲಿಸ್ಟ್‌ಗಳ ನಡುವೆ == ಹಾಕಿದೆ. ಒಂದೇ ಅಲ್ಲ ಅಂತು. ಲಿಸ್ಟ್‌ಗೆ ಕ್ರಮ ಮುಖ್ಯ. ಒಂದು ಪಟ್ಟಿ ಮಧುಗಿರಿಯಿಂದ ಶುರು, ಇನ್ನೊಂದು ಪಾವಗಡದಿಂದ. (ಜಾವಾದಲ್ಲಿ == ಹಾಕಿದರೆ ಒಳಗೇನಿದೆ ಅಂತ ನೋಡುವುದೂ ಇಲ್ಲ, ಎರಡೂ ಒಂದೇ ವಸ್ತುವಾ ಅಂತಷ್ಟೇ ನೋಡುತ್ತದೆ. ಅಲ್ಲಿ ಈಕ್ವಲ್ಸ್ ಬೇಕು.)

ಸರಿ, ಎರಡನ್ನೂ ಸೆಟ್ ಮಾಡಿದೆ. ಸೆಟ್‌ಗೆ ಕ್ರಮದ ಹಂಗಿಲ್ಲ. ಆದರೂ ಒಂದೇ ಅಲ್ಲವಂತೆ! ಬೇರೆಯಾದ ಹೆಸರು ಯಾವುದು ಅಂತ ಕೇಳಿದರೆ ಎಡಕ್ಕೂ ಕೊರಟಗೆರೆ, ಬಲಕ್ಕೂ ಕೊರಟಗೆರೆ. ಕಣ್ಣುಜ್ಜಿಕೊಂಡು ನೋಡಿದೆ...

ಆಮೇಲೆ ಹೊಳೆಯಿತು. ಯೂನಿಕೋಡ್‌ನಲ್ಲಿ 'ಕೊ' ಬರೆಯಲು ಎರಡು ದಾರಿ. ಒ-ಕಾರದ ಚಿಹ್ನೆಗೇ ಒಂದು ಸಂಕೇತವಿದೆ (0ಸಿಸಿಎ). ಇಲ್ಲವೇ ಎ-ಕಾರದ ಚಿಹ್ನೆ, ಆಮೇಲೆ ಊ-ಕಾರದ ಚಿಹ್ನೆ ಹಾಕಿದರೂ ಅದೇ ಮೂಡುತ್ತದೆ. ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದ ಮೇಲೆ ಸರಿಹೋಯಿತು. ಶಿರಾ, ಸಿರಾ ಅಂತ ಎರಡು ಥರ ಬರೆದಿದ್ದನ್ನು ಮಾತ್ರ ಕೈಯಲ್ಲೇ ತಿದ್ದಬೇಕಾಯಿತು.

ಈಗ ಉತ್ತರ: ಒಂದೇ. ಕಾಫಿ ಕುಡಿಯಲು ಎದ್ದೆ. ಅಷ್ಟರಲ್ಲಿ ಬಂಡಲ್ ಕಟ್ಟಿದ ಗೆಳೆಯ ಫೋನ್ ಮಾಡಿ, "ಶಾಲೆ 41, ಬಂಡಲ್ 40 ಇದೆಯಲ್ಲೋ" ಅಂದ.

ಗೊಲ್ಲರಹಟ್ಟಿ! ನಮ್ಮ ಕಡೆ ಆ ಹೆಸರಿನ ಊರು ಎಷ್ಟೋ. ನಮ್ಮ ಪಟ್ಟಿಯಲ್ಲೂ ಎರಡಿದ್ದವು, ಒಂದು ಶಿರಾದ್ದು, ಒಂದು ಪಾವಗಡದ್ದು. ಸೆಟ್ ಎರಡನೆಯದನ್ನು ಸದ್ದಿಲ್ಲದೆ ನುಂಗಿತ್ತು. ಎಷ್ಟು ಸಲ ಬಂದಿದೆ ಅಂತ ಎಣಿಸುವ ಕೌಂಟರ್ ಬಳಸಿದ್ದರೆ ಸಿಕ್ಕಿಬೀಳುತ್ತಿತ್ತು. ಆದರೆ ಎರಡು ಬಂಡಲೂ ಶಿರಾಕ್ಕೇ ಹೋಗಿದ್ದರೆ? ಅದಕ್ಕೆ ಈಗ ಹೆಸರು ಬಿಟ್ಟು, ಪ್ರತಿ ಶಾಲೆಗೂ ಇರುವ 11 ಅಂಕಿಯ ಯು-ಡೈಸ್ ಸಂಖ್ಯೆಯನ್ನೇ ಹೋಲಿಸುತ್ತೇನೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸ್ಲೇಟು ಹಂಚಲು ಯಾರೋ ಬಂದಿದ್ದರು. ನಮ್ಮೂರಿಗೆ ಬರಲಿಲ್ಲ. ಮೇಷ್ಟ್ರು ವಿಚಾರಿಸಿದರೆ "ನಿಮ್ಮೂರಿಗೆ ಆಗಲೇ ಕೊಟ್ಟಾಗಿದೆಯಲ್ಲ" ಅಂದರಂತೆ. ಅದು ಬೇರೆ ತಾಲ್ಲೂಕಿನ ಅದೇ ಹೆಸರಿನ ಊರು. ಅವರ ಪಟ್ಟಿಯ ಪ್ರಕಾರ ಎಲ್ಲಾ ಸರಿಯಾಗಿಯೇ ಇತ್ತು.

ನಲವತ್ತೊಂದನೇ ಬಂಡಲ್ ಸೋಮವಾರ ಪಾವಗಡದ ಬಸ್ಸು ಹತ್ತಿತು. ನಿಮ್ಮ ಊರಿನ ಹೆಸರಿನದೇ ಇನ್ನೊಂದು ಊರು ಇದೆಯಾ? ಇದ್ದರೆ ಹೇಳಿ, ಮುಂದಿನ ಸಲ ಹುಷಾರಾಗಿರುತ್ತೇನೆ :)